ಪೊವಿಸ್ ಕೋಟೆ ಮತ್ತು ಅದರ ತೋಟ: ಹೊರಡುವ ಮೊದಲು ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಬರ್ಮಿಂಗ್‌ಹ್ಯಾಮಿನ ಸುತ್ತಮುತ್ತ ನೆಲೆಸಿದ ನಮ್ಮ ಮನೆಗಳಿಗೆ ಊರಿನಿಂದ ಅಪ್ಪ ಅಮ್ಮ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಬೆಳಿಗ್ಗೆ ಹೊರಟು ಸಂಜೆ ಮರಳುವಂಥ ಒಳ್ಳೆಯ ಜಾಗ ಯಾವುದು? ನಾನು ಹೇಳುವುದು ವೇಲ್ಸ್‌ನ ಪೊವಿಸ್ ಕೋಟೆಯನ್ನು. ಬ್ರಿಟನ್ನಿನ ಅತ್ಯಂತ ಚೆಲುವಾದ ತೋಟಗಳಲ್ಲಿ ಒಂದು ಅಲ್ಲಿದೆ. ನಮ್ಮ ಶ್ರೀರಂಗಪಟ್ಟಣದಿಂದ ಹೋದ ವಸ್ತುಗಳೂ ಅಲ್ಲಿವೆ. ಈ ಎರಡರಲ್ಲಿ ಒಂದನ್ನು ಮಾತ್ರ ನೋಡಿ ಬಂದವರು ಅರ್ಧ ನೋಡಿದಂತೆ. ನನ್ನ ತಾಯಿಯ ತವರು ಶ್ರೀರಂಗಪಟ್ಟಣ. ಅವರನ್ನು ಕರೆದುಕೊಂಡು ಹೋದ ಮೇಲೆ ಸ್ನೇಹಿತರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಇದು ಕೋಟೆಯೋ, ಅರಮನೆಯೋ?

ಕೋಟೆಯಾಗಿ ಹುಟ್ಟಿ ಅರಮನೆಯಾದದ್ದು. ಹದಿಮೂರನೆಯ ಶತಮಾನದಲ್ಲಿ ಗ್ರಿಫಿದ್ ಆಪ್ ಗ್ವೆನ್ವಿನ್ವಿನ್ ಎಂಬ ವೇಲ್ಸ್‌ನ ಅರಸ ಇಲ್ಲಿನ ಬಂಡೆಯ ದಿಣ್ಣೆಯ ಮೇಲೆ ಕೋಟೆ ಕಟ್ಟಿಸಿದ. 1587ರಲ್ಲಿ ಸರ್ ಎಡ್ವರ್ಡ್ ಹರ್ಬರ್ಟ್ ಅದನ್ನು ಕೊಂಡ. ಅಲ್ಲಿಂದ ಮುಂದೆ ಹರ್ಬರ್ಟ್ ಮನೆತನದವರು ಒಳಗೆ ಮೊಗಸಾಲೆ, ಮಲಗುವ ಕೋಣೆ, ಚಿತ್ರ ಬರೆದ ಛಾವಣಿ ಎಂದು ಒಂದೊಂದನ್ನೇ ಸೇರಿಸುತ್ತ ಅದನ್ನು ವಾಸದ ಮನೆಯಾಗಿ ಬದಲಿಸಿದರು. ಕಲ್ಲು ಕೆಂಪು. ಅದಕ್ಕಾಗಿಯೇ ವೆಲ್ಷ್ ಭಾಷೆಯಲ್ಲಿ ಇದಕ್ಕೆ ಕೆಂಪು ಕೋಟೆ ಎಂಬ ಹಳೆಯ ಹೆಸರಿದೆ. ಮಳೆ ಬಂದು ನಿಂತ ಮೇಲೆ ಆ ಬಣ್ಣ ಹೊಸದಾಗಿ ಸುಟ್ಟ ಇಟ್ಟಿಗೆಯಂತೆ ಗಾಢವಾಗುತ್ತದೆ. 1952ರಿಂದ ಕೋಟೆ ಮತ್ತು ತೋಟ, ಹಳೆಯ ಕಟ್ಟಡ ಮತ್ತು ತೋಟಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶದಲ್ಲಿವೆ.

ಎಲ್ಲಿದೆ? ಹೋಗುವುದು ಹೇಗೆ?

ಇಂಗ್ಲೆಂಡಿನ ಗಡಿಗೆ ತೀರ ಹತ್ತಿರ, ವೆಲ್ಷ್‌ಪೂಲ್ ಎಂಬ ಸಣ್ಣ ಸಂತೆಪೇಟೆಯ ಹೊರವಲಯದಲ್ಲಿ. ಬರ್ಮಿಂಗ್‌ಹ್ಯಾಮಿನಿಂದ ಶ್ರೂಸ್‌ಬರಿ ಮಾರ್ಗವಾಗಿ ವೆಲ್ಷ್‌ಪೂಲಿಗೆ ನೇರ ರೈಲು ಇದೆ. ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಲಂಡನ್ನಿನಿಂದ ಬರುವವರು ಬರ್ಮಿಂಗ್‌ಹ್ಯಾಮಿನಲ್ಲಿ ರೈಲು ಬದಲಿಸುವುದು ಸುಲಭ. ಪೇಟೆಯ ಮುಖ್ಯ ಬೀದಿಯಿಂದ ಜಿಂಕೆಗಳಿರುವ ಉದ್ಯಾನದ ನಡುವೆ ಒಂದು ಮೈಲಿಯಷ್ಟು ನಡೆದರೆ ಕೋಟೆ. ಕಾಲಿನಲ್ಲಿ ಶಕ್ತಿಯಿರುವವರು ನಡೆದೇ ಹೋಗಬೇಕು ಎಂಬುದು ನನ್ನ ಆಗ್ರಹ. ಓಕ್ ಮರಗಳ ಸಂದಿಯಲ್ಲಿ ಕೆಂಪು ಗೋಡೆ ಮೊದಲ ಬಾರಿ ಕಾಣುವ ಆ ಗಳಿಗೆ ಕಾರಿನಲ್ಲಿ ಹೋದವರಿಗೆ ದಕ್ಕುವುದಿಲ್ಲ.

ಈ ದಾರಿಯಲ್ಲಿ ರೈಲುಗಳು ಕಡಿಮೆ. ಮರಳುವ ರೈಲಿನ ಸಮಯವನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ಒಂದು ತಪ್ಪಿದರೆ ಬಹಳ ಹೊತ್ತು ಕಾಯಬೇಕಾದೀತು.

ಟಿಕೆಟ್ ಮೊದಲೇ ತೆಗೆದುಕೊಳ್ಳಬೇಕೇ?

ನ್ಯಾಷನಲ್ ಟ್ರಸ್ಟ್ ಸದಸ್ಯರಿಗೆ ಪ್ರವೇಶ ಉಚಿತ. ವರ್ಷದಲ್ಲಿ ನಾಲ್ಕೈದು ಇಂಥ ಜಾಗಗಳಿಗೆ ಹೋಗುವ ಕುಟುಂಬಕ್ಕೆ ಸದಸ್ಯತ್ವವೇ ಲಾಭ. ತೋಟ ಮತ್ತು ಕೋಟೆಯ ಒಳಭಾಗ ತೆರೆಯುವ ಹೊತ್ತು ಒಂದೇ ಆಗಿರುವುದಿಲ್ಲ, ಋತುವಿಗೆ ತಕ್ಕಂತೆ ಬದಲಾಗುತ್ತದೆ. ಹೊರಡುವ ಹಿಂದಿನ ದಿನ ಸಂಸ್ಥೆಯ ಜಾಲತಾಣವನ್ನು ನೋಡಿ. ಅಷ್ಟು ದೂರ ಹೋಗಿ ಒಳಗಿನ ಕೋಣೆಗಳು ಮುಚ್ಚಿದ್ದರೆ ಮನಸ್ಸಿಗೆ ನೋವಾಗುತ್ತದೆ.

ಯಾವ ತಿಂಗಳು ಒಳ್ಳೆಯದು?

ಹೂವಿಗಾಗಿ ಹೋಗುವವರು ಜುಲೈಯಿಂದ ಸೆಪ್ಟೆಂಬರ್ ಒಳಗೆ ಹೋಗಿ. ಉದ್ದನೆಯ ಹೂಪಾತಿಗಳು ಆಗ ಪೂರ್ತಿ ತುಂಬಿರುತ್ತವೆ. ವಸಂತದಲ್ಲಿ ಹುಲ್ಲಿನ ನಡುವೆ ಡ್ಯಾಫೊಡಿಲ್‌ಗಳು, ಮೇ ತಿಂಗಳ ಹೊತ್ತಿಗೆ ಗೋಡೆಗಳ ಮೇಲೆ ವಿಸ್ಟೀರಿಯಾ. ಒಂದೇ ಒಂದು ಸಲ ಹೋಗಲು ಸಾಧ್ಯ ಎನ್ನುವವರಿಗೆ ನಾನು ಅಕ್ಟೋಬರ್ ಕೊನೆಯ ವಾರವನ್ನೇ ಸೂಚಿಸುತ್ತೇನೆ. ಮೇಪಲ್ ಎಲೆಗಳು ಕುಂಕುಮದ ಬಣ್ಣಕ್ಕೆ ತಿರುಗಿರುತ್ತವೆ, ಯೂ ಮರಗಳು ಮಾತ್ರ ಕಡುಹಸಿರಾಗಿ ನಿಂತಿರುತ್ತವೆ. ನಮ್ಮ ನಾಡಿನಲ್ಲಿ ಮರಗಳು ಒಟ್ಟಿಗೆ ಹೀಗೆ ಬಣ್ಣ ಬದಲಿಸುವುದನ್ನು ನಾವು ನೋಡುವುದಿಲ್ಲವಾದ್ದರಿಂದ ಹಿರಿಯರಿಗೆ ಅದು ನಿಜವಾದ ಬೆರಗು.

ಮೊದಲು ತೋಟವೋ, ಕೋಟೆಯ ಒಳಗೋ?

ತೋಟ. ಹೊರಗಿನ ಬೆಳಕು, ಮಳೆ ಯಾವುದೂ ನಮ್ಮ ಕೈಯಲ್ಲಿಲ್ಲ. ಆಕಾಶ ತಿಳಿಯಾಗಿರುವಾಗಲೇ ಹೊರಗಿನದನ್ನು ಮುಗಿಸಿಕೊಳ್ಳಿ. ಇನ್ನೊಂದು ಕಾರಣವೂ ಇದೆ. ಒಳಗಿನ ಭಾರತೀಯ ಸಂಗ್ರಹವನ್ನು ನೋಡಿದ ಮೇಲೆ ಹೂವಿನ ಕಡೆ ಗಮನ ಹೋಗುವುದು ಕಷ್ಟ. ನನ್ನ ತಾಯಿ ಅಲ್ಲಿಂದ ಹೊರಬಂದು ಹುಲ್ಲುಹಾಸಿನ ಬೆಂಚಿನ ಮೇಲೆ ಬಹಳ ಹೊತ್ತು ಮಾತಾಡದೆ ಕುಳಿತರು.

ತೋಟದಲ್ಲಿ ನೋಡಲೇಬೇಕಾದದ್ದು ಏನು?

ತೋಟ ಸುಮಾರು 25 ಎಕರೆ. ಕೋಟೆಯ ಕೆಳಗಿನ ಕಡಿದಾದ ಬಂಡೆಯನ್ನು ಕಡಿದು, ಮಲೆನಾಡಿನ ಮೆಟ್ಟಿಲು ಗದ್ದೆಗಳಂತೆ ಒಂದರ ಕೆಳಗೆ ಒಂದು ಹಂತ ಮಾಡಿದ್ದಾರೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ, ಇಟಲಿಯ ಮಾದರಿಯಲ್ಲಿ ಆರಂಭವಾದ ಕೆಲಸ ಇದು. ಆ ಕಾಲದ ಇಂಥ ತೋಟಗಳನ್ನು ಮುಂದಿನ ಶತಮಾನದ ಶ್ರೀಮಂತರು ಹಳೆಯ ರುಚಿ ಎಂದು ನೆಲಸಮ ಮಾಡಿ, ಸಹಜವಾಗಿ ಕಾಣುವ ಹುಲ್ಲುಗಾವಲು ಮತ್ತು ಕೆರೆಗಳನ್ನು ಮಾಡಿಸಿಕೊಂಡರು. ಪೊವಿಸ್‌ನ ಹಂತಗಳು ಆ ಅಲೆಯಿಂದ ಪಾರಾಗಿ ಉಳಿದವು. ಕೆಳಗಿನ ಬಯಲಿನಲ್ಲಿದ್ದ ಕೊಳ ಮತ್ತು ಕಾರಂಜಿಗಳ ಡಚ್ ಮಾದರಿಯ ತೋಟ ಮಾತ್ರ 1809ರಲ್ಲಿ ಹೋಯಿತು. ಈಗ ಅಲ್ಲಿರುವುದು ವಿಶಾಲವಾದ ಹುಲ್ಲುಹಾಸು.

ಮೇಲಿನ ಹಂತದಲ್ಲಿ ನಿಂತರೆ ಮೊದಲು ಕಣ್ಣಿಗೆ ಬೀಳುವುದು ಯೂ ಮರಗಳು. ಮುನ್ನೂರು ವರ್ಷ ದಾಟಿದ ಮರಗಳಿವು. ನೆಟ್ಟಾಗ ಶಂಕುವಿನ ಆಕಾರಕ್ಕೆ ಕತ್ತರಿಸಿಟ್ಟ ಪುಟ್ಟ ಗಿಡಗಳು. ಮುಂದೆ ಒಂದು ಕಾಲದಲ್ಲಿ ಅವುಗಳನ್ನು ಬೆಳೆಯಲು ಬಿಟ್ಟರು, ಆಮೇಲೆ ಬೆಳೆದ ಆಕಾರವನ್ನೇ ಅನುಸರಿಸಿ ಕತ್ತರಿಸತೊಡಗಿದರು. ಹಾಗಾಗಿ ಈಗ ಅವು ಮೋಡದ ಮುದ್ದೆಗಳಂತೆ ಗೋಡೆಯ ಮೇಲಿನಿಂದ ಕೆಳಕ್ಕೆ ಇಳಿಬಿದ್ದಿವೆ. ಹಿಂದೆ ತೋಟದ ಆಳುಗಳು ಉದ್ದನೆಯ ಏಣಿಗಳನ್ನು ಹತ್ತಿ ಕೈಗತ್ತರಿಯಿಂದ ಮಾಡುತ್ತಿದ್ದ ಕೆಲಸವನ್ನು ಈಗ ಎತ್ತುವ ಯಂತ್ರದ ತೊಟ್ಟಿಲಲ್ಲಿ ನಿಂತು ಮಾಡುತ್ತಾರೆ. ಆದರೂ ಪ್ರತಿವರ್ಷ ವಾರಗಟ್ಟಲೆ ಬೇಕು. ಬೇಸಿಗೆಯ ಕೊನೆಯಲ್ಲಿ ಹೋದರೆ ಈ ಕೆಲಸ ಕಣ್ಣಿಗೆ ಬೀಳಬಹುದು. ಹತ್ತು ನಿಮಿಷ ನಿಂತು ನೋಡಿ.

ಕೆಳಗಿಳಿದರೆ ಹಿಂದೆ ಪಕ್ಷಿಗಳನ್ನು ಸಾಕುತ್ತಿದ್ದ ಕಮಾನು ಮಂಟಪ, ಅದರ ಕಟಾಂಜನದ ಮೇಲೆ ಕುಣಿಯುತ್ತಿರುವ ಕುರಿಗಾಹಿಗಳ ಸೀಸದ ಗೊಂಬೆಗಳು. ಮಂಟಪದ ಒಳಗೆ ತಲೆಯೆತ್ತಿ ನೋಡಿ. ಛಾವಣಿಗೆ ಅಂಟಿಕೊಂಡು ಹಬ್ಬಿರುವ ಸಣ್ಣ ಎಲೆಯ ಬಳ್ಳಿ ಬೆಂಗಳೂರಿನ ಹಳೆಯ ಕಾಂಪೌಂಡ್ ಗೋಡೆಗಳ ಮೇಲೆ ನಾವು ನೋಡುತ್ತ ಬೆಳೆದ ಅದೇ ಅತ್ತಿಯ ಜಾತಿಯ ಬಳ್ಳಿ. ಅದರ ಕೆಳಗಿನ ಹಂತದಲ್ಲಿ ಕಿತ್ತಳೆ ಗಿಡಗಳನ್ನು ಚಳಿಗಾಲದಲ್ಲಿ ಕಾಪಾಡಲು ಕಟ್ಟಿದ ಆರೆಂಜರಿ. ಹಂತಗಳು ಬಿಸಿಲಿಗೆ ಮುಖ ಮಾಡಿವೆ, ಕಲ್ಲಿನ ಗೋಡೆ ಬಿಸಿಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ವೇಲ್ಸ್‌ನ ಬೇರೆಡೆ ಬದುಕಲು ಕಷ್ಟಪಡುವ ಬೆಚ್ಚನೆಯ ನಾಡುಗಳ ಗಿಡಗಳು ಇಲ್ಲಿ ನೆಮ್ಮದಿಯಾಗಿ ಹೂ ಬಿಡುತ್ತವೆ. ಹುಲ್ಲುಹಾಸು ದಾಟಿ ಎದುರಿನ ದಿಣ್ಣೆಯ ಕಾಡಿಗೆ ಹೋಗಿ ಹಿಂತಿರುಗಿ ನೋಡುವುದನ್ನು ಮರೆಯಬೇಡಿ. ಇಡೀ ಕೋಟೆ, ಹಂತಗಳು, ಯೂ ಮರಗಳು ಒಂದೇ ನೋಟದಲ್ಲಿ ಸಿಗುವುದು ಅಲ್ಲಿಂದ ಮಾತ್ರ.

ಈ ಹೂಪಾತಿಗಳೂ ಅಷ್ಟೇ ಹಳೆಯವೇ?

ಅಲ್ಲ. ಇಂದಿನ ತೋಟಕ್ಕೆ ಜೀವ ಕೊಟ್ಟವರು ಕೋಟೆಯ ಒಡೆಯನಾಗಿದ್ದ ನಾಲ್ಕನೆಯ ಅರ್ಲ್‌ನ ಪತ್ನಿ ವಯಲೆಟ್. 1911ರಲ್ಲಿ ತೋಟದ ಹೊಣೆಯನ್ನು ಅವರು ತಾವೇ ವಹಿಸಿಕೊಂಡರು. ಮರುವರ್ಷದ ಬಿರುಗಾಳಿಗೆ ಎಲ್ಮ್ ಮರಗಳ ಸಾಲು ಉರುಳಿ, ಅದುವರೆಗೆ ಮರೆಯಲ್ಲಿದ್ದ ತರಕಾರಿ ತೋಟ ಮತ್ತು ಗಾಜಿನ ಮನೆಗಳು ಕೋಟೆಯಿಂದ ಕಾಣತೊಡಗಿದವು. ವಯಲೆಟ್ ಅವುಗಳನ್ನು ಅಲ್ಲಿಂದ ತೆಗೆಸಿ, ಸೇಬಿನ ಮರಗಳನ್ನು ಗೋಪುರದಂತೆ ಕತ್ತರಿಸಿ ನಿಲ್ಲಿಸಿದ ಹೊಸ ಹೂದೋಟ ಮಾಡಿಸಿದರು. ಆ ಸೇಬಿನ ಮರಗಳ ನಡುವೆ ಇಂದಿಗೂ ನಡೆಯಬಹುದು. ಅವರ ಹಿರಿಯ ಮಗ 1916ರಲ್ಲಿ ಯುದ್ಧದ ಗಾಯಗಳಿಂದ ತೀರಿಕೊಂಡ. ಎರಡನೆಯ ಮಗ 1943ರಲ್ಲಿ, ಆಕೆಯ ಕಾಲದ ನಂತರ, ಮತ್ತೊಂದು ಯುದ್ಧಕ್ಕೆ ಬಲಿಯಾದ.

ಟಿಪ್ಪುವಿನ ವಸ್ತುಗಳು ವೇಲ್ಸ್‌ನ ಈ ಮೂಲೆಗೆ ಬಂದದ್ದು ಹೇಗೆ?

ಒಂದು ಮದುವೆಯ ಮೂಲಕ. 1784ರಲ್ಲಿ ಹರ್ಬರ್ಟ್ ಮನೆಯ ಮಗಳು ಹೆನ್ರಿಯೆಟಾ, ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ ಕ್ಲೈವ್‌ನನ್ನು ಮದುವೆಯಾದಳು. ಹಳೆಯ ಹೆಸರೂ ಸಾಲವೂ ಇದ್ದ ಮನೆತನಕ್ಕೆ ಭಾರತದಲ್ಲಿ ಗಳಿಸಿದ ಅಪಾರ ಹಣ ಸೇರಿತು. 1798ರಲ್ಲಿ ಎಡ್ವರ್ಡ್ ಮದ್ರಾಸಿನ ಗವರ್ನರ್ ಆದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದಾಗ ಆ ಅಧಿಕಾರದಲ್ಲಿದ್ದವನು ಅವನೇ. ಪಟ್ಟಣದ ಲೂಟಿಯ ವಸ್ತುಗಳಲ್ಲಿ ಹಲವು ಅವನ ಕುಟುಂಬಕ್ಕೆ ಬಂದವು. 1804ರಲ್ಲಿ ಅವನಿಗೆ ಅರ್ಲ್ ಆಫ್ ಪೊವಿಸ್ ಎಂಬ ಬಿರುದು ದೊರೆಯಿತು. ಹೀಗೆ ಕಾವೇರಿಯ ದಡದ ವಸ್ತುಗಳು ಸೆವರ್ನ್ ನದಿಯ ಕಣಿವೆಗೆ ಬಂದು ಸೇರಿದವು.

ಸಂಗ್ರಹದಲ್ಲಿ ಒಂದು ಸಾವಿರಕ್ಕೂ ಹೆಚ್ಚು ವಸ್ತುಗಳಿವೆ: ಆಯುಧಗಳು, ದಂತದ ಕೆಲಸ, ದೇವರ ಪುಟ್ಟ ವಿಗ್ರಹಗಳು, ರತ್ನ ಕೂಡಿಸಿದ ಹುಕ್ಕಾ, ಪ್ಲಾಸಿ ಕದನದ ಸಿರಾಜುದ್ದೌಲನದು ಎನ್ನಲಾದ ಪಲ್ಲಕ್ಕಿ. ಇವುಗಳನ್ನು ಇರಿಸಿರುವ ಕ್ಲೈವ್ ವಸ್ತುಸಂಗ್ರಹಾಲಯ 1987ರಲ್ಲಿ, ಹಳೆಯ ನೃತ್ಯಶಾಲೆಯಲ್ಲಿ ತೆರೆಯಿತು.

ಹಾಗಾದರೆ ರಾಬರ್ಟ್ ಕ್ಲೈವ್ ಟಿಪ್ಪುವಿನ ವಿರುದ್ಧ ಕಾದಿದನೇ?

ಇಲ್ಲ. ರಾಬರ್ಟ್ ಕ್ಲೈವ್ 1774ರಲ್ಲೇ ತೀರಿಕೊಂಡ. ಟಿಪ್ಪು ಅಧಿಕಾರಕ್ಕೆ ಬಂದದ್ದು 1782ರಲ್ಲಿ. ರಾಬರ್ಟ್ ಈ ಕೋಟೆಯಲ್ಲಿ ವಾಸಿಸಿದವನೂ ಅಲ್ಲ. ತಂದೆಯ ಹೆಸರೂ ಮಗನ ಹೆಸರೂ ಕಲಸಿಹೋಗುವುದರಿಂದ ಈ ತಪ್ಪು ಪದೇ ಪದೇ ಆಗುತ್ತದೆ.

ಟಿಪ್ಪುವಿನ ಡೇರೆ ನಿಜವಾಗಿಯೂ ಅಲ್ಲಿದೆಯೇ?

ಇದೆ, ಮತ್ತು ಇಡೀ ಪ್ರಯಾಣಕ್ಕೆ ಅದೊಂದೇ ಸಾಕು. ಕೈಯಿಂದ ಬಣ್ಣ ಹಾಕಿದ ಹತ್ತಿಯ ಚೀಟಿ ಬಟ್ಟೆ. ಒಂದೊಂದು ಅಂಕಣದಲ್ಲೂ ಕಮಾನು, ಕಮಾನಿನೊಳಗೆ ಹೂಜಿ, ಹೂಜಿಯಿಂದ ಚಿಮ್ಮುವ ಕೆಂಪು ಹೂಗಳು, ಹಸಿರು ಎಲೆಗಳು. ನೇಯ್ದು ಬಣ್ಣ ಹಾಕಿದ್ದು 1725 ಮತ್ತು 1750ರ ನಡುವೆ ಎಂದು ತಜ್ಞರು ಹೇಳುತ್ತಾರೆ. ಅಂದರೆ ಟಿಪ್ಪು ಹುಟ್ಟುವ ಮೊದಲೇ. ಬಯಲಿನಲ್ಲಿ ಬೀಡುಬಿಟ್ಟ ದೊರೆ ತನ್ನ ಸುತ್ತ ತೋಟವನ್ನೇ ನಿಲ್ಲಿಸಿಕೊಳ್ಳುತ್ತಿದ್ದ ಬಗೆ ಇದು. ಬಟ್ಟೆ ಬೆಳಕಿಗೆ ಬಣ್ಣ ಕಳೆದುಕೊಳ್ಳುತ್ತದೆ, ಹಾಗಾಗಿ ಇಂಥ ವಸ್ತುಗಳಿರುವ ಕಡೆ ಬೆಳಕು ಮಂದವಾಗಿಯೇ ಇರುತ್ತದೆ. ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ.

ಪೊವಿಸ್‌ನವರು ಈ ಡೇರೆಯನ್ನು ಹಿಂದೆ ತಮ್ಮ ತೋಟದ ಔತಣಗಳಲ್ಲಿ ಚಪ್ಪರವಾಗಿ ಎತ್ತುತ್ತಿದ್ದರು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಯುದ್ಧದ ಬಯಲಿನಲ್ಲಿ ಒಬ್ಬ ದೊರೆಯ ಮನೆಯಾಗಿದ್ದದ್ದು ಚಹಾ ಕುಡಿಯುವವರಿಗೆ ನೆರಳಾಯಿತು. ಅದೇ ಹುಲ್ಲುಹಾಸಿನ ಮೇಲೆ ನಡೆಯುವಾಗ ಅದು ನೆನಪಿನಲ್ಲಿರಲಿ.

ಸಿಂಹಾಸನದ ಹುಲಿ?

ಟಿಪ್ಪುವಿನ ಎಂಟು ಮೂಲೆಯ ಸಿಂಹಾಸನದ ಕಟಾಂಜನಕ್ಕೆ ರತ್ನ ಕೂಡಿಸಿದ ಎಂಟು ಚಿನ್ನದ ಹುಲಿಯ ತಲೆಗಳಿದ್ದವು. ಪಟ್ಟಣ ಬಿದ್ದ ಮೇಲೆ, ಲೂಟಿಯನ್ನು ಪಾಲು ಮಾಡಲು ಸೈನ್ಯ ನೇಮಿಸಿದ ಪ್ರೈಜ್ ಏಜೆಂಟರು ಸಿಂಹಾಸನವನ್ನು ಒಡೆದು ತುಂಡು ಮಾಡಿಸಿದರು. ಆ ಹುಲಿಯ ತಲೆಗಳಲ್ಲಿ ಒಂದು ಪೊವಿಸ್‌ನಲ್ಲಿದೆ. ಮುಷ್ಟಿಯಲ್ಲಿ ಹಿಡಿಯುವಷ್ಟೇ ಗಾತ್ರದ್ದು. ಹೊಳೆಯುವ ದೊಡ್ಡ ವಸ್ತುವನ್ನು ಹುಡುಕುತ್ತ ಹೋದವರು ಅದನ್ನು ನೋಡದೆ ದಾಟಿಬಿಡುತ್ತಾರೆ. ಸಿಂಹಾಸನವನ್ನು ಹೊತ್ತಿದ್ದ ದೊಡ್ಡ ಹುಲಿಯ ತಲೆ ಮತ್ತು ಮೇಲಿನ ಹುಮಾ ಎಂಬ ದಂತಕಥೆಯ ಪಕ್ಷಿ ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿವೆ. 2021ರಲ್ಲಿ ಇಂಥದ್ದೇ ಇನ್ನೊಂದು ಹುಲಿಯ ತಲೆ ಬ್ರಿಟನ್ನಿನಿಂದ ಹೊರಹೋಗುವುದನ್ನು ಅಲ್ಲಿನ ಸರ್ಕಾರ ತಾತ್ಕಾಲಿಕವಾಗಿ ತಡೆಯಿತು. ಆಗ ಅದಕ್ಕೆ ಕಟ್ಟಿದ ಬೆಲೆ 15 ಲಕ್ಷ ಪೌಂಡ್.

ಯುರೋಪಿನ ಸಿಪಾಯಿಯ ಮೇಲೆ ಎರಗಿರುವ ಟಿಪ್ಪುವಿನ ಮರದ ಹುಲಿಯೂ ಅಲ್ಲಿದೆಯೇ?

ಇಲ್ಲ. ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಈ ಮನೆಯವರು ಯಾರಾದರೂ ನಮ್ಮ ಕಡೆಗೆ ಬಂದಿದ್ದರೇ?

ಬಂದಿದ್ದರು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಹೆನ್ರಿಯೆಟಾ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಅವರಿಗೆ ಚಿತ್ರಕಲೆ ಕಲಿಸುತ್ತಿದ್ದ ಇಟಲಿಯ ಅನ್ನಾ ಟೊನೆಲ್ಲಿಯನ್ನೂ ಕರೆದುಕೊಂಡು ಮದ್ರಾಸಿನಿಂದ ಹೊರಟಳು. ಗಂಡ ಜೊತೆಗಿರಲಿಲ್ಲ. ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳನ್ನು ನೋಡಿ, ತಮಿಳುನಾಡಿನ ಮೂಲಕ ಸಾವಿರಕ್ಕೂ ಹೆಚ್ಚು ಮೈಲಿ ಸುತ್ತಿ ಮರಳಿದಳು. ದಾರಿಯುದ್ದಕ್ಕೂ ಗಿಡಗಳನ್ನು, ಕಲ್ಲುಗಳನ್ನು ಸಂಗ್ರಹಿಸಿದಳು. ಟೊನೆಲ್ಲಿ ಸಿಂಹಾಸನದ ಮೇಲೆ ಕುಳಿತ ಟಿಪ್ಪುವಿನ ಜಲವರ್ಣ ಚಿತ್ರ ಬರೆದಳು. ಟಿಪ್ಪು ಆಗ ಇರಲಿಲ್ಲ, ಸಿಂಹಾಸನವೂ ಒಡೆದುಹೋಗಿತ್ತು. ಆ ಚಿತ್ರ ಪೊವಿಸ್‌ನಲ್ಲಿದೆ.

ಕಿರಿಯ ಮಗಳು ಷಾರ್ಲೆಟ್ ಆಗ ಹನ್ನೆರಡು ಹದಿಮೂರರ ಹುಡುಗಿ. ಪ್ರಯಾಣದ ದಿನಚರಿ ಬರೆದಿಟ್ಟಳು. ಮುಂದೆ ನಾರ್ತಂಬರ್ಲೆಂಡಿನ ಡಚೆಸ್ ಆಗಿ, ಬಾಲಕಿ ವಿಕ್ಟೋರಿಯಾ ರಾಣಿಯಾಗುವ ಮುನ್ನ ಅವಳ ಶಿಕ್ಷಣದ ಮೇಲ್ವಿಚಾರಕಿಯಾದಳು. ದಕ್ಷಿಣ ಆಫ್ರಿಕದಿಂದ ಬಂದ, ಕಿತ್ತಳೆ ಬಣ್ಣದ ಹೂವಿನ ಒಂದು ಗಿಡ ಅವಳ ಹಸಿರುಮನೆಯಲ್ಲಿ ಹೂ ಬಿಟ್ಟಾಗ ಸಸ್ಯವಿಜ್ಞಾನಿ ಜಾನ್ ಲಿಂಡ್ಲಿ 1828ರಲ್ಲಿ ಅದಕ್ಕೆ ಕ್ಲೈವಿಯಾ ಎಂದು ಅವಳ ತವರಿನ ಹೆಸರಿಟ್ಟ. ಮನೆಯ ಕುಂಡದಲ್ಲಿ ಕ್ಲೈವಿಯಾ ಬೆಳೆಸುವವರು ಶ್ರೀರಂಗಪಟ್ಟಣದ ಬೀದಿಗಳನ್ನು ಕಂಡ ಆ ಹುಡುಗಿಯ ಹೆಸರನ್ನೇ ಹೇಳುತ್ತಿರುತ್ತಾರೆ.

ಇವನ್ನೆಲ್ಲ ಅಲ್ಲಿ ನೋಡಿದರೆ ಸಿಟ್ಟು ಬರುವುದಿಲ್ಲವೇ? ದುಡ್ಡು ಕೊಟ್ಟು ಹೋಗುವುದು ಸರಿಯೇ?

ಸಿಟ್ಟು ಬರುತ್ತದೆ. ಬರಬೇಕು. ಆದರೂ ಹೋಗಬೇಕು ಎನ್ನುತ್ತೇನೆ. ನಾವು ಹೋಗದಿದ್ದರೆ ಆ ಡೇರೆಯ ಮುಂದೆ ನಿಲ್ಲುವವರಲ್ಲಿ ಅದು ಯಾವ ಊರಿನದು ಎಂದು ಬಲ್ಲವರು ಯಾರೂ ಇರುವುದಿಲ್ಲ. ನ್ಯಾಷನಲ್ ಟ್ರಸ್ಟ್ 2020ರಲ್ಲಿ ತನ್ನ ಆಸ್ತಿಗಳಿಗೂ ವಸಾಹತು ಆಳ್ವಿಕೆ ಮತ್ತು ಗುಲಾಮಗಿರಿಗೂ ಇರುವ ನಂಟಿನ ಬಗ್ಗೆ ವರದಿಯೊಂದನ್ನು ಪ್ರಕಟಿಸಿತು, ಪೊವಿಸ್ ಅದರಲ್ಲಿದೆ. ಆ ವರದಿಗೆ ಬ್ರಿಟನ್ನಿನಲ್ಲಿ ಕಟುವಾದ ವಿರೋಧವೂ ಬಂತು. ಈ ವಸ್ತುಗಳು ಮರಳಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮರಳುವವರೆಗೆ ಅವುಗಳನ್ನು ಹೋಗಿ ನೋಡುವ ಹಕ್ಕು ನಮಗೆ ಎಲ್ಲರಿಗಿಂತ ಹೆಚ್ಚು. ಅಲ್ಲಿ ಕೋಣೆಗಳಲ್ಲಿ ನಿಂತಿರುವ ಸ್ವಯಂಸೇವಕರೊಂದಿಗೆ ಮಾತಾಡಿ, ಶ್ರೀರಂಗಪಟ್ಟಣದ ಕಡೆಯವರು ಎಂದು ಹೇಳಿ. ನನ್ನ ತಾಯಿ ತಮ್ಮ ಅರೆಬರೆ ಇಂಗ್ಲಿಷಿನಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಬಗ್ಗೆ ಹೇಳಿದಾಗ ಅಲ್ಲಿದ್ದ ಹಿರಿಯರೊಬ್ಬರು ಕುರ್ಚಿ ತಂದು ಹಾಕಿ ಪೂರ್ತಿ ಕೇಳಿಸಿಕೊಂಡರು.

ಕೋಟೆಯ ಒಳಗೆ ಬೇರೇನಿದೆ?

ದೊರೆಗಾಗಿ ಸಿದ್ಧಪಡಿಸಿದ ಮಲಗುವ ಕೋಣೆಯನ್ನು ತಪ್ಪಿಸಬೇಡಿ. 1660ರ ದಶಕದ್ದು, ಎರಡನೆಯ ಚಾರ್ಲ್ಸ್‌ನ ಹೆಸರಿನ ಅಕ್ಷರಗಳು ಅಲ್ಲಿವೆ. ಮಂಚಕ್ಕೂ ಉಳಿದ ಕೋಣೆಗೂ ನಡುವೆ ಗರ್ಭಗುಡಿಯ ಮುಂದಿನ ಹಾಗೆ ಕಟಾಂಜನವಿದೆ. ಉದ್ದನೆಯ ಮೊಗಸಾಲೆ 1590ರ ದಶಕದ್ದು. ಹೊರಗೆ ಶ್ರೀರಂಗಪಟ್ಟಣದ ಫಿರಂಗಿಗಳನ್ನೂ ಹುಡುಕಿ ನೋಡಿ, ಅವುಗಳ ಬಾಯಿ ಹುಲಿಯದು.

ವಯಸ್ಸಾದವರಿಗೆ ಕಷ್ಟವಾಗುತ್ತದೆಯೇ?

ಹಂತಗಳ ನಡುವೆ ಕಡಿದಾದ ಮೆಟ್ಟಿಲುಗಳಿವೆ, ದಾರಿಗಳಲ್ಲಿ ಇಳಿಜಾರೂ ಸಣ್ಣ ಜಲ್ಲಿಯೂ ಇವೆ. ಮಂಡಿನೋವಿನವರು ಮೇಲಿನ ಹಂತದಲ್ಲೇ ಉಳಿಯಲಿ. ಸೆವರ್ನ್ ಕಣಿವೆಯ ಆಚೆಯ ಬೆಟ್ಟಗಳವರೆಗಿನ ನೋಟ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದೆ. ಸೀರೆಯುಟ್ಟವರು ಚಪ್ಪಲಿಯ ಬದಲು ಬೂಟು ಹಾಕಿಕೊಳ್ಳಲಿ. ಬೇಸಿಗೆಯಲ್ಲೂ ಒಂದು ಸ್ವೆಟರ್, ಒಂದು ಕೊಡೆ ಕೈಯಲ್ಲಿರಲಿ.

ಮಕ್ಕಳು?

ಅವರಿಗೆ ಯೂ ಮರಗಳೂ ನವಿಲುಗಳೂ ಸಾಕು. ತೋಟದಲ್ಲಿ ನವಿಲುಗಳು ಜನರ ನಡುವೆಯೇ ಓಡಾಡುತ್ತವೆ. ತಿಂಡಿ ಹಾಕಬೇಡಿ, ಅಟ್ಟಿಸಿಕೊಂಡು ಹೋಗಬೇಡಿ.

ಊಟಕ್ಕೆ ಏನು ಮಾಡುವುದು?

ಚಹಾ, ಕೇಕು, ಸೂಪು ಸಿಗುವ ಟೀ ಅಂಗಡಿ ಅಲ್ಲೇ ಇದೆ. ಚಹಾದಲ್ಲಿ ನೆನೆಸಿದ ಒಣಹಣ್ಣು ಹಾಕಿ ಮಾಡುವ ಬಾರಾ ಬ್ರಿತ್ ಎಂಬ ವೇಲ್ಸ್‌ನ ಸಿಹಿ ರೊಟ್ಟಿ ಸಿಕ್ಕರೆ ತಿನ್ನಿ. ಮೊಟ್ಟೆ ತಿನ್ನದವರು ಕೇಳಿ ತೆಗೆದುಕೊಳ್ಳಿ. ನಾವು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ಬುತ್ತಿ ಬಿಚ್ಚಬಹುದಾದ ಜಾಗ ಯಾವುದೆಂದು ಬಾಗಿಲಲ್ಲೇ ಕೇಳಿಕೊಳ್ಳಿ.

ಹೋಗುವ ಮೊದಲು ಊರಿನಲ್ಲಿ ಏನನ್ನಾದರೂ ನೋಡಿರಬೇಕೇ?

ಸಾಧ್ಯವಾದರೆ ಖಂಡಿತ. ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ಗೆ ಹೋಗಿ. 1784ರಲ್ಲಿ ತೇಗದ ಮರದಲ್ಲಿ ಕಟ್ಟಿಸಿದ, ತೋಟದ ನಡುವಿನ ಬೇಸಿಗೆ ಅರಮನೆ ಅದು. ಅದೂ ಒಂದು ನದಿಯ ದಡದ ತೋಟದ ಮನೆಯೇ. ಹೊರಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನದ ಚಿತ್ರವಿದೆ, ಹೈದರ್ ಮತ್ತು ಟಿಪ್ಪು ಇಂಗ್ಲಿಷರ ಸೈನ್ಯವನ್ನು ಸೋಲಿಸಿದ್ದು. ಒಳಗೋಡೆಗಳ ಮೇಲಿನ ಹೂಬಳ್ಳಿಗಳನ್ನು ಸಾವಕಾಶವಾಗಿ ನೋಡಿ. ಆಮೇಲೆ ಪೊವಿಸ್‌ನ ಡೇರೆಯ ಮುಂದೆ ನಿಂತಾಗ ಆ ಹೂಗಳು ಅಪರಿಚಿತ ಎನಿಸುವುದಿಲ್ಲ. ಅಲ್ಲಿಂದ ರಂಗನಾಥಸ್ವಾಮಿ ದೇವಾಲಯದ ಕಡೆಗೆ ಬಂದು ಟಿಪ್ಪುವಿನ ಅರಮನೆ ಇದ್ದ ಜಾಗ ಯಾವುದೆಂದು ಕೇಳಿ. ತೋರಿಸುತ್ತಾರೆ. ನೆಲಗಟ್ಟು ಉಳಿದಿದೆ. ಸಿಂಹಾಸನ ಇದ್ದದ್ದು ಆ ಅರಮನೆಯಲ್ಲಿ.